ಫೇಲಾಗದ ಗಾಡಿ

ಹದಿನೇಳು ವರ್ಷ, ಹದಿನೇಳು ಸಲ ಪಾಸು. ಒಂದು ಸಲ, ಒಂದೇ ಒಂದು ಸಲ ಆ ಹಾಳು ಗಾಡಿ ಫೇಲಾಗಿದ್ದರೆ ಗ್ಲೆಂಡಾ ಆರ್ಮರಾಡ್‌ಗೆ ತಿಂದದ್ದು ಮೈಗೆ ಹತ್ತುತ್ತಿತ್ತು.

ಊರಲ್ಲಿ ಯಾರ ಗಾಡಿ ಫೇಲಾಗಿಲ್ಲ ಹೇಳಿ. ಪಕ್ಕದ ಮನೆಯ ಪಾದ್ರಿಯ ಕಾರು ಬ್ರೇಕಿನ ಪೈಪು ತುಕ್ಕು ಹಿಡಿದು ಫೇಲಾಯಿತು. ದೇವರ ಕೆಲಸ ಮಾಡುವವನು ಅಂತ ಎಂಓಟಿ ಪರೀಕ್ಷೆಯಲ್ಲಿ ಯಾರೂ ವಿನಾಯಿತಿ ಕೊಡಲಿಲ್ಲ. ಗ್ಲೆಂಡಾಳ ಪುಟ್ಟ ಕಾರು ಹೋದ ವರ್ಷ ಟೈರು ಸವೆದು, ಅದರ ಹಿಂದಿನ ವರ್ಷ ವೈಪರ್ ಹರಿದು ಫೇಲಾಗಿತ್ತು. ವರ್ಷಕ್ಕೊಮ್ಮೆ ಗ್ಯಾರೇಜಿಗೆ ಒಯ್ದು, ಗಾಡಿ ರಸ್ತೆಗಿಳಿಯೋಕೆ ಯೋಗ್ಯ ಅಂತ ಕಾಗದ ತರಬೇಕಾದ ಈ ಪೀಡೆಗೆ ಎಲ್ಲರೂ ಒಂದಲ್ಲ ಒಂದು ವರ್ಷ ಸಿಕ್ಕಿಬೀಳುವವರೇ. ಆದರೆ ಅವಳ ಗಂಡ ಡೆಸ್‌ನ ಕೆಂಪು ರೇಸಿಂಗ್ ಬೈಕು ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಮದುಮಗನ ಹಾಗೆ ತೊಳೆದು ಒರೆಸಿಕೊಂಡು ಹೋಗುವುದು, ಅರ್ಧ ಗಂಟೆಯಲ್ಲಿ ಪಾಸಾಗಿ ಬರುವುದು. 'ಮುಂದೆ ಗಮನಿಸಿ' ಅಂತ ಒಂದು ಸಣ್ಣ ಟಿಪ್ಪಣಿಯನ್ನೂ ಯಾರೂ ಬರೆದಿರಲಿಲ್ಲ.

ಯಾಕೆ ಫೇಲಾಗುತ್ತೆ? ಗಾಡಿ ಓಡುತ್ತಿದ್ದುದೇ ಭಾನುವಾರ ಮಾತ್ರ, ಅದೂ ಮಳೆ ಇಲ್ಲದಿದ್ದರೆ. ಲ್ಯಾಂಕಶೈರಿನಲ್ಲಿ ಮಳೆ ಇಲ್ಲದ ಭಾನುವಾರ ವರ್ಷಕ್ಕೆ ಎಷ್ಟು ಬರುತ್ತವೆ ಅಂತ ಬೆರಳಲ್ಲಿ ಎಣಿಸಬಹುದು. ಉಳಿದ ದಿನವೆಲ್ಲ ಅದು ಹಿತ್ತಲಿನ ಶೆಡ್ಡಿನಲ್ಲಿ, ಗ್ಲೆಂಡಾಳ ತಾಯಿ ಹೆಣೆದ ಉಣ್ಣೆಯ ಹೊದಿಕೆ ಹೊದ್ದುಕೊಂಡು ನಿಂತಿರುತ್ತಿತ್ತು. ಸಿಮೆಂಟ್ ಫ್ಯಾಕ್ಟರಿಯಲ್ಲಿ ನಲವತ್ತು ವರ್ಷ ಫಿಟ್ಟರ್ ಆಗಿದ್ದ ಡೆಸ್, ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಟೀ ಲೋಟ ಹಿಡಿದು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಹೆಂಡತಿಗೆ ನೆಗಡಿ ಬಂದರೆ ಮೂರನೇ ದಿನ ಗೊತ್ತಾಗುತ್ತಿತ್ತು ಅವನಿಗೆ. ಗಾಡಿಯ ಚೈನು ಒಂದು ಕೂದಲಷ್ಟು ಸಡಿಲವಾದರೆ ರಾತ್ರಿ ಮಲಗಿದಲ್ಲೇ ಗೊತ್ತಾಗುತ್ತಿತ್ತು.

ಗ್ಲೆಂಡಾ ಇದನ್ನೆಲ್ಲ ಇಪ್ಪತ್ತು ವರ್ಷ ಸಹಿಸಿಕೊಂಡಿದ್ದಳು. ಗಂಡಸರಿಗೆ ಏನೋ ಒಂದು ಹುಚ್ಚು ಇರುತ್ತೆ, ಕುಡಿತಕ್ಕಿಂತ ಇದು ವಾಸಿ ಅಂತ ಇದ್ದಳು. ಆದರೆ ಡೆಸ್‌ಗೆ ಈಗ ಎಪ್ಪತ್ತೊಂದು ವರ್ಷ. ಮತ್ತು ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕಾಣುತ್ತಿರಲಿಲ್ಲ ಅಂತಲ್ಲ. ಮಾಂಸದ ಸಾರನ್ನು ತಟ್ಟೆಗೆ ಸುರಿಯಲು ಹೋಗಿ ಮೇಜಿನ ಬಟ್ಟೆಗೆ ಸುರಿಯುವಷ್ಟು, ಅಂಗಡಿಯಲ್ಲಿ ಅಪರಿಚಿತ ಹೆಂಗಸಿನ ಭುಜಕ್ಕೆ ಕೈ ಹಾಕಿ "ಮನೆಗೆ ಹೋಗೋಣ್ವೇನೇ" ಅನ್ನುವಷ್ಟು ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದರೆ ಸಾಕು, ಮುಖ ಗಂಟು ಹಾಕಿಕೊಂಡು ಶೆಡ್ಡಿಗೆ ಹೋಗುತ್ತಿದ್ದ.

ಹೋದ ಅಕ್ಟೋಬರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕುದುರೆ ಸವಾರಿಯ ಬೂಟು ಹಾಕಿದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ನಿಂತಿದ್ದಳು. ಬೆಟ್ಟದ ಕಡೆಯ ಕಿರುದಾರಿಯಲ್ಲಿ ಅವಳ ಒಂಬತ್ತು ವರ್ಷದ ಮಗಳು ಪುಟ್ಟ ಕುದುರೆಯ ಮೇಲೆ ಬರುತ್ತಿದ್ದಾಗ ಡೆಸ್‌ನ ಬೈಕು ಒಂದು ಗೇಣು ಅಂತರದಲ್ಲಿ ಹಾದುಹೋಗಿತ್ತಂತೆ. ಕುದುರೆ ಬೆದರಿ ಹುಡುಗಿ ಬೇಲಿಗೆ ಬಿದ್ದಿದ್ದಳು. ಕೆಂಪು ಬೈಕು, ಕಿವಿ ಕಿತ್ತುಹೋಗುವ ಸದ್ದು ಅಂದಕೂಡಲೇ ಯಾರದ್ದು ಅಂತ ಊರಿಗೆಲ್ಲ ಗೊತ್ತಿತ್ತು. ತರಚು ಗಾಯ ಬಿಟ್ಟರೆ ಮಗುವಿಗೆ ಏನೂ ಆಗಿರಲಿಲ್ಲ. "ಇನ್ನೊಂದು ಗೇಣು," ಅಂತ ಆ ತಾಯಿ ಮತ್ತೆ ಮತ್ತೆ ಅಂದಳು.

ಡೆಸ್ ಕ್ಷಮೆ ಕೇಳಿದ. ಬಿಸಿಲು ಕಣ್ಣಿಗೆ ಹೊಡೆಯಿತು ಅಂದ.

ಅವಳು ಹೋದ ಮೇಲೆ ಗ್ಲೆಂಡಾ ಕಿಟಕಿ ಪರದೆ ಸರಿಸಿ ಆಕಾಶ ತೋರಿಸಿದಳು. ಬೆಳಗಿನಿಂದ ತೆಳ್ಳಗೆ ಮೋಡ ಕವಿದಿತ್ತು. "ಎಲ್ಲಪ್ಪಾ ನಿನ್ನ ಬಿಸಿಲು? ತೋರಿಸು ನೋಡೋಣ."

"ಆಗ ಇತ್ತು."

"ಸಾಕು ಡೆಸ್. ಆ ಗಾಡಿ ಇನ್ನು ಸಾಕು."

"ಗಾಡಿಗೇನಾಗಿದೆ? ಗಾಡೀಲಿ ಒಂದು ದೋಷ ತೋರಿಸು. ಅದು ಫೇಲಾದ ದಿನ ನಾನೂ ಹೆಲ್ಮೆಟ್ ತೆಗೆದಿಡ್ತೀನಿ. ನಮ್ಮಪ್ಪನಾಣೆ." ಅಪ್ಪನ ಮೇಲೆ ಆಣೆ ಇಟ್ಟರೆ ಡೆಸ್ ಮುರಿಯುವವನಲ್ಲ. ಆದರೆ ಎಂಥ ಆಣೆ ನೋಡಿ. ಫೇಲಾಗದ ಗಾಡಿಯ ಮೇಲೆ ಆಣೆ ಇಡೋಕೆ ಯಾರಪ್ಪನಿಗೆ ಭಯ?

ಗ್ಲೆಂಡಾಳಿಗೆ ಇನ್ನೂ ಮೈ ಉರಿಯುತ್ತಿದ್ದುದು ಇನ್ನೊಂದು ವಿಷಯಕ್ಕೆ. ಇಪ್ಪತ್ತು ವರ್ಷದ ಗಾಡಿಗೆ ಪ್ರತಿ ವರ್ಷ ಒಬ್ಬ ಮನುಷ್ಯ ಟಾರ್ಚು ಹಿಡಿದು ಸಂದಿಗೊಂದಿ ನೋಡಬೇಕು. ಅದನ್ನು ಓಡಿಸುವ ಎಪ್ಪತ್ತರ ಮುದುಕನನ್ನು ಯಾರೂ ನೋಡಬೇಕಾಗಿಲ್ಲ. ಮೂರು ವರ್ಷಕ್ಕೊಮ್ಮೆ ಒಂದು ಫಾರಂ ತುಂಬಿ ಕಳಿಸಿದರೆ ಲೈಸೆನ್ಸು ಮನೆ ಬಾಗಿಲಿಗೆ ಬರುತ್ತದೆ. ಇಪ್ಪತ್ತು ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಓದಬಲ್ಲಿರಾ ಅಂತ ಅದರಲ್ಲಿ ಕೇಳಿರುತ್ತಾರೆ. ಹೋದ ವರ್ಷ ಆ ಫಾರಂ ಬಂದಾಗ ಡೆಸ್ ಕನ್ನಡಕ ಸಿಗಲಿಲ್ಲ ಅಂದ. ಗ್ಲೆಂಡಾ ಪ್ರಶ್ನೆ ಓದಿದಳು, ಅವನು "ಹೂಂ ಅನ್ನು" ಅಂದ, ಅವಳು ಗುರುತು ಹಾಕಿದಳು. ಮಾತಾಡದೆ ಹಾಕಿದಳು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು, ಜಗಳ ಬೇಡ ಅನ್ನಿಸಿತು. ಆ ಹುಡುಗಿಯ ತಾಯಿ ಬಂದುಹೋದ ರಾತ್ರಿಯಿಂದ ಆ ಗುರುತು ಗ್ಲೆಂಡಾಳನ್ನು ಮಲಗಲು ಬಿಟ್ಟಿರಲಿಲ್ಲ. ಲೈಸೆನ್ಸಿನ ಕಚೇರಿಗೆ ಒಂದು ಕಾಗದ ಬರೆದೂ ಬರೆದಳು. ಐವತ್ತು ವರ್ಷ ಜೊತೆಗೆ ಮಲಗಿದ ಗಂಡನ ಮೇಲೆ ಚಾಡಿ ಹೇಳುವುದು ಹೇಗೆ ಅಂತ ಅದನ್ನು ಅಂಚೆ ಪೆಟ್ಟಿಗೆಗೆ ಹಾಕಲೂ ಇಲ್ಲ, ಹರಿಯಲೂ ಇಲ್ಲ.

ಹಾಗಾಗಿ ಈ ಸಲದ ಎಂಓಟಿಗೆ ಒಂದು ವಾರ ಇರುವಾಗ ಅವಳು ನೆವಿಲ್‌ನ ಗ್ಯಾರೇಜಿಗೆ ಹೋದಳು. ಅವನು ಗ್ಲೆಂಡಾಳ ಮಗಳ ಜೊತೆ ಶಾಲೆಯಲ್ಲಿ ಓದಿದವನು. ಗ್ಲೆಂಡಾ ಆ ಶಾಲೆಯ ಅಡುಗೆಮನೆಯಲ್ಲಿದ್ದಾಗ ಅವನಿಗೆ ಎಷ್ಟು ಸಲ ಎರಡೆರಡು ಸೌಟು ಕಸ್ಟರ್ಡ್ ಹಾಕಿದ್ದಳೋ ಲೆಕ್ಕವಿಲ್ಲ. ಈಗ ತಲೆ ಬೋಳಾಗಿ, ಹೊಟ್ಟೆ ಬಂದು, ಊರಿನ ಬೈಕುಗಳನ್ನೆಲ್ಲ ಪರೀಕ್ಷೆ ಮಾಡುತ್ತಿದ್ದ.

"ನೆವಿಲ್, ಒಂದು ಉಪಕಾರ ಮಾಡು. ಅವನ ಗಾಡಿ ಫೇಲ್ ಮಾಡು."

ನೆವಿಲ್ ಕೈ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. "ಏನಾಗಿದೆ ಗಾಡಿಗೆ?"

"ಏನೂ ಆಗಿಲ್ಲ. ಅದೇ ಕರ್ಮ. ನೀನೇ ಏನಾದ್ರೂ ಹೇಳು. ಬ್ರೇಕು ಸರಿಯಿಲ್ಲ ಅನ್ನು, ದೀಪ ಸೊಟ್ಟಗಿದೆ ಅನ್ನು."

"ಮಿಸೆಸ್ ಆರ್ಮರಾಡ್, ಎಲ್ಲಾ ಕಂಪ್ಯೂಟರ್‌ಗೆ ಹೋಗುತ್ತೆ. ಇಲ್ಲದ ದೋಷ ಬರೆದ್ರೆ ನನ್ನ ಹೊಟ್ಟೆ ಮೇಲೆ ಕಲ್ಲು ಬೀಳುತ್ತೆ. ಡೆಸ್ ಏನು ಸುಮ್ನಿರ್ತಾರಾ? ಮೇಲಿನೋರಿಗೆ ಅಪೀಲು ಹಾಕಿ ಇನ್ನೊಂದು ಸಲ ಪರೀಕ್ಷೆ ಮಾಡಿಸಿ ನನ್ನ ಮಾನ ಕಳೀತಾರೆ."

"ಅವನಿಗೆ ಕಣ್ಣು ಕಾಣಲ್ಲ ಕಣೋ."

ನೆವಿಲ್ ಮತ್ತೆ ಕೈ ಒರೆಸತೊಡಗಿದ. ಹುಡುಗಿ ಬೇಲಿಗೆ ಬಿದ್ದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. "ನಾನು ನೋಡೋದು ಗಾಡಿನ," ಅಂದ. "ಓಡಿಸೋರನ್ನ ನೋಡೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. ಇದ್ದಿದ್ರೆ ಅರ್ಧ ಊರು ನಡ್ಕೊಂಡು ಓಡಾಡ್ತಿತ್ತು."

ಅಲ್ಲಿಂದ ಬಂದವಳು ತಾನೇ ಕೈ ಹಾಕಿದಳು. ಗಾಡಿಯ ಹಿಂದೆ ಇರಲೇಬೇಕಾದ ಕೆಂಪು ರಿಫ್ಲೆಕ್ಟರನ್ನು ಶೆಡ್ಡಿನಿಂದ ಕದ್ದು ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಡೆಸ್ ಬೆರಳಾಡಿಸಿ ನೋಡಿ, ಸಿಗದೆ, ಜೇಬಿನಿಂದ ಇನ್ನೊಂದು ತೆಗೆದ. "ಇಂಥದ್ದು ಕಳೆದುಹೋಗ್ತವೆ ಅಂತ ಎರಡು ಇಟ್ಟಿರ್ತೀನಿ" ಅಂದ. ಅವಳು ಹಾರನ್ನಿನ ತಂತಿ ಎಳೆದಿಟ್ಟಳು. ಸಂಜೆಗೆ ಅವನ ಕೈ ಅದನ್ನೂ ಹುಡುಕಿತು. ಗಾಡಿಯನ್ನು ಅವನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಮಗುವಿನ ಮುಖ ಸವರುವ ಕುರುಡು ತಾಯಿಯ ಹಾಗೆ ಒಂದೊಂದು ಬೋಲ್ಟನ್ನೂ ಸವರಿ, ಒತ್ತಿ, ಅಲ್ಲಾಡಿಸಿ ನೋಡುತ್ತಿದ್ದ. ದೋಷ ಸಿಕ್ಕಿದಾಗ ಅವನ ಮುಖದಲ್ಲಿ ಆಗುವ ಖುಷಿ ನೋಡಿದರೆ ಗ್ಲೆಂಡಾಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು.

ದೀಪ ನೋಡುವ ದಿನ ಅವಳಿಗೆ ಒಂದು ಆಸೆ ಹುಟ್ಟಿತು. ದೀಪವನ್ನು ಸವರಿ ನೋಡಲು ಆಗುತ್ತದೆಯೇ?

ಡೆಸ್ ಸೀಟಿನ ಮೇಲೆ ಕೂತು ಬ್ರೇಕು ಒತ್ತಿದ. "ಹಿಂದೆ ಉರೀತಾ ನೋಡೇ."

ಕೆಂಪಗೆ ಢಾಳಾಗಿ ಉರಿಯುತ್ತಿತ್ತು. "ಇಲ್ಲ," ಅಂದಳು ಗ್ಲೆಂಡಾ.

ಅವನು ಇಳಿದು ಬಲ್ಬು ಬದಲಾಯಿಸಿದ. "ಈಗ?"

"ಇಲ್ಲ."

ವೈರು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದ. "ಈಗ?"

"ಇಲ್ಲಪ್ಪಾ. ಕಗ್ಗತ್ತಲೆ."

ಡೆಸ್ ಒಂದು ಇಟ್ಟಿಗೆ ತಂದು ಬ್ರೇಕಿನ ಮೇಲೆ ಊರಿ, ಹಿಂದೆ ಬಂದು ದೀಪದ ಗಾಜಿನ ಮೇಲೆ ಅಂಗೈ ಇಟ್ಟು ನಿಂತ. ನಿಂತೇ ಇದ್ದ. "ಬೆಚ್ಚಗಿದೆ ಕಣೇ," ಅಂದ ಕೊನೆಗೆ. "ನಿನ್ನ ಕಣ್ಣು ಒಂದು ಸಲ ತೋರಿಸ್ಕೋ. ವಯಸ್ಸಾಯ್ತು ನಮಗೆ."

ಗ್ಲೆಂಡಾ ಒಳಗೆ ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಂಡು, ಪಾತ್ರೆ ಒರೆಸುವ ಬಟ್ಟೆಯನ್ನು ಎರಡು ಸಲ ಗೋಡೆಗೆ ಬಡಿದಳು.

ಪರೀಕ್ಷೆಯ ದಿನ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಸಮಯ ಕೊಟ್ಟಿದ್ದರು. ಎಂಟಕ್ಕೇ ಡೆಸ್ ಶೆಡ್ಡಿನ ಮೇಜಿನ ಕೆಳಗಿನಿಂದ ಮರದ ಪೆಟ್ಟಿಗೆ ಎಳೆದ. ಈ ಪೆಟ್ಟಿಗೆಯ ಕಥೆ ಇಂಥ ಬೈಕು ಇಟ್ಟವರ ಮನೆಯಲ್ಲೆಲ್ಲ ಒಂದೇ. ವರ್ಷವೆಲ್ಲ ಗಾಡಿಗೆ ಗುಡುಗುವ ಸೈಲೆನ್ಸರು, ಬಿಸ್ಕತ್ತಿನಷ್ಟು ನಂಬರ್ ಪ್ಲೇಟು. ಎರಡೂ ಕಾನೂನಿಗೆ ಒಗ್ಗದವು. ಪರೀಕ್ಷೆಯ ಬೆಳಿಗ್ಗೆ ಅವನ್ನು ಬಿಚ್ಚಿ, ಕಂಪನಿ ಕೊಟ್ಟ ಸಾಧು ಸೈಲೆನ್ಸರು, ದೊಡ್ಡ ಅಕ್ಷರದ ಪ್ಲೇಟು ಹಾಕುವುದು. ಪಾಸಾಗಿ ಬಂದ ಮಧ್ಯಾಹ್ನವೇ ಮತ್ತೆ ಬದಲಾಯಿಸುವುದು. ಹೊಸದಾಗಿ ತಿರುಗಿಸಿದ ಬೋಲ್ಟುಗಳು ಫಳಫಳ ಹೊಳೆಯುವುದನ್ನು ನೆವಿಲ್ ಪ್ರತಿ ವರ್ಷ ನೋಡುತ್ತಿದ್ದ, ಪ್ರತಿ ವರ್ಷ ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಹೋಗುತ್ತಿದ್ದ. ಎದುರಿಗೆ ನಿಂತ ಗಾಡಿ ಇವತ್ತು ಹೇಗಿದೆಯೋ ಅಷ್ಟೇ ಅವನಿಗೆ ಬೇಕಾದದ್ದು.

ಡೆಸ್‌ನ ಸ್ನೇಹಿತ ಟ್ರೆವರ್ ಮಹಡಿಯ ಮೇಲಿನ ಮನೆಗೆ ಹೋದ ಮೇಲೆ ಅವನಿಗೆ ಶೆಡ್ಡಿಲ್ಲ. ಹಾಗಾಗಿ ಅವನ ಬೈಕಿನ ಪರೀಕ್ಷೆ ಸಾಮಾನುಗಳೂ ಈ ಪೆಟ್ಟಿಗೆಯಲ್ಲೇ ಇದ್ದವು. ಪ್ಲೇಟುಗಳು ಎರಡೂ ಹಳದಿ, ಎರಡೂ ಒಂದೇ ಅಳತೆ. ನಂಬರಿನಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಡೆಸ್‌ನದು ಪಿ ಅಕ್ಷರದಿಂದ ಶುರು, ಟ್ರೆವರ್‌ನದು ವೈ.

ಗ್ಲೆಂಡಾ ಟೀ ತಂದು ಬಾಗಿಲಲ್ಲಿ ನಿಂತಿದ್ದಳು. ಡೆಸ್ ಪೆಟ್ಟಿಗೆಗೆ ಕೈ ಹಾಕಿ ಮೇಲಿದ್ದ ಪ್ಲೇಟು ತೆಗೆದ. ಅದರ ಅಂಚು ಸವರಿದ. ನುಣ್ಣನೆಯ ಪ್ಲಾಸ್ಟಿಕ್ಕಿನ ಒಳಗೆ ಅಚ್ಚಾದ ಅಕ್ಷರ ಬೆರಳಿಗೆ ಹೇಗೆ ಸಿಗಬೇಕು? ಗಾಡಿಗೆ ಹಿಡಿದು ಸ್ಕ್ರೂ ತಿರುಗಿಸತೊಡಗಿದ. ದೊಡ್ಡ ಕಪ್ಪು ವೈ ಅಕ್ಷರ ಗ್ಲೆಂಡಾಳ ಕಣ್ಣಿಗೆ ರಾಚುತ್ತಿತ್ತು.

ಬಾಯಿ ತೆರೆದಳು. ಮುಚ್ಚಿದಳು.

"ನೆಟ್ಟಗಿದೆಯಾ?" ಅಂತ ಕೇಳಿದ ಡೆಸ್.

"ನೆಟ್ಟಗಿದೆ," ಅಂದಳು. ನೆಟ್ಟಗೇ ಇತ್ತು.

ಅವನು ಜಾಕೆಟ್ ಹಾಕಿಕೊಳ್ಳಲು ಒಳಗೆ ಹೋದಾಗ ಪೆಟ್ಟಿಗೆಯಲ್ಲಿದ್ದ ಅವನ ಪ್ಲೇಟನ್ನು ತೆಗೆದು ತನ್ನ ಕಾರಿನ ಡಿಕ್ಕಿಯಲ್ಲಿ ಕಂಬಳಿಯ ಅಡಿ ಬಚ್ಚಿಟ್ಟಳು. ಇವತ್ತು ಫೇಲು. ಹದಿನೆಂಟನೇ ವರ್ಷಕ್ಕೆ ಕೊನೆಗೂ ಫೇಲು. ಅವನ ಅಪ್ಪನ ಆಣೆ ಇದೆ.

ಕಾರಿನಲ್ಲಿ ಅವನ ಹಿಂದೆ ಹೊರಟ ಮೇಲೆ ಖುಷಿಯೆಲ್ಲ ಇಳಿದುಹೋಯಿತು. ನಾಲ್ಕು ಮೈಲಿ ದಾರಿ. ಇಷ್ಟು ದೊಡ್ಡ ಅಕ್ಷರ ಕಾಣದವನನ್ನು ಕಣ್ಣಾರೆ ಕಂಡೂ ರಸ್ತೆಗೆ ಬಿಟ್ಟಿದ್ದಳು. ಸರ್ಕಲ್ಲಿನಲ್ಲಿ ಅವನು ಒಂದು ಹಾಲಿನ ವ್ಯಾನಿನ ಮುಂದೆಯೇ ನುಗ್ಗಿದ. ವ್ಯಾನಿನವನು ಹಾರನ್ ಒತ್ತಿ, ಕೈ ಹೊರಗೆ ಹಾಕಿ ಬೈದ. ಡೆಸ್ ಪರಿಚಯದವರು ಯಾರೋ ಅಂದುಕೊಂಡು ತಿರುಗಿ ಕೈ ಬೀಸಿದ. ಶಾಲೆಯ ಹತ್ತಿರ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದಾಗ ಗ್ಲೆಂಡಾ ಉಸಿರು ಕಟ್ಟಿ ಹಾರನ್ ಒತ್ತಿದಳು, ಅವನು ನಿಂತ. ಮಕ್ಕಳನ್ನು ನೋಡಿ ನಿಂತನೋ, ಹಾರನ್ ಕೇಳಿ ನಿಂತನೋ ಗೊತ್ತಾಗಲಿಲ್ಲ. ಗ್ಯಾರೇಜು ಬರುವಷ್ಟರಲ್ಲಿ ಅವಳ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ನೆವಿಲ್ ಕಂಪ್ಯೂಟರಿನಲ್ಲಿ ನಂಬರು ಒತ್ತಿದ. ಪರದೆ ನೋಡಿದ, ಗಾಡಿ ನೋಡಿದ, ಮತ್ತೆ ಪರದೆ ನೋಡಿದ. "ಡೆಸ್, ಇದು ನೀಲಿ ಬೈಕು ಅಂತಿದೆ. ಹೋದ ತಿಂಗಳು ಪಾಸಾಗಿದೆ."

"ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ."

ನೆವಿಲ್ ಬಗ್ಗಿ ಚಾಸಿಯ ಮೇಲೆ ಕೊರೆದ ನಂಬರು ನೋಡಿದ. ಹಿಂದೆ ಹೋಗಿ ಪ್ಲೇಟು ನೋಡಿದ. ಆಮೇಲೆ ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದ ಗ್ಲೆಂಡಾಳನ್ನು ನೋಡಿದ. "ಇದು ಟ್ರೆವರ್ ಪ್ಲೇಟು."

ಡೆಸ್‌ನ ಕಿವಿ ಕೆಂಪಾಯಿತು. "ಶೆಡ್ಡಲ್ಲಿ ಬೆಳಕು ಸಾಲಲ್ಲ," ಅಂದ. "ಎರಡೂ ಒಂದೇ ಪೆಟ್ಟಿಗೇಲಿತ್ತು. ಯಾರಿಗಾದ್ರೂ ಆಗುತ್ತೆ."

"ಹಾಗಾದ್ರೆ ಫೇಲು," ಅಂದಳು ಗ್ಲೆಂಡಾ. "ಬರಿ ನೆವಿಲ್, ಫೇಲು ಅಂತ ಬರಿ."

"ಫೇಲಲ್ಲ ಮಿಸೆಸ್ ಆರ್ಮರಾಡ್. ನಾನಿನ್ನೂ ಶುರುವೇ ಮಾಡಿಲ್ಲ. ಸರಿಯಾದ ಪ್ಲೇಟು ತಂದ್ಬಿಡಿ, ಹನ್ನೆರಡಕ್ಕೆ ಮಾಡಿಕೊಡ್ತೀನಿ." ಅವನು ಸ್ಕ್ರೂ ಬಿಚ್ಚಿ ಟ್ರೆವರ್‌ನ ಪ್ಲೇಟನ್ನು ಅವಳ ಕೈಗೆ ಕೊಟ್ಟ. ಪಾಪ, ಅವನ ಮುಖದಲ್ಲೂ ನಾಚಿಕೆಯಿತ್ತು. "ನನ್ನ ಕೈಲಿ ಇಷ್ಟೇ."

"ನೋಡಿದ್ಯಾ?" ಅಂದ ಡೆಸ್, ಎದೆ ಉಬ್ಬಿಸಿ. "ಗಾಡೀಲಿ ಏನೂ ಇಲ್ಲ. ಹೋಗೇ, ಮನೆಗೆ ಹೋಗಿ ಪ್ಲೇಟು ತಗೊಂಡ್ಬಾ."

ಅಲ್ಲಿಗೆ ಗ್ಲೆಂಡಾಳ ತಾಳ್ಮೆ ಮುಗಿಯಿತು.

"ಮನೆಗೆ ಹೋಗ್ಬೇಕಾಗಿಲ್ಲ. ನಿನ್ನ ಪ್ಲೇಟು ನನ್ನ ಡಿಕ್ಕಿಯಲ್ಲಿದೆ."

"ಅದ್ಯಾಕೆ ಅಲ್ಲಿದೆ?"

"ನಾನಿಟ್ಟೆ. ನೀನು ತಪ್ಪು ಪ್ಲೇಟು ಹಾಕೋದನ್ನ ನೋಡ್ತಾ ನಿಂತಿದ್ದೆ."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ? ಪೊಲೀಸರು ಹಿಡಿದಿದ್ರೆ?"

"ಹಿಡೀಲಿ ಅಂತಾನೇ ದಾರಿ ಉದ್ದಕ್ಕೂ ಬೇಡ್ಕೊಂಡು ಬಂದೆ. ಹೆಬ್ಬೆರಳುದ್ದದ ಅಕ್ಷರ ಡೆಸ್, ನಿನ್ನ ಮೂಗಿನ ಕೆಳಗೆ ನೀನೇ ಹಿಡ್ಕೊಂಡಿದ್ದೆ. ಬೆಳಕು ಸಾಲಲ್ವಂತೆ. ಹೊರಗೆ ಬಾ, ಹೊರಗೆ ಬೇಕಾದಷ್ಟು ಬೆಳಕಿದೆ. ನಾನು ಪ್ಲೇಟು ಹಿಡ್ಕೊಂಡು ನಿಲ್ತೀನಿ, ಇಪ್ಪತ್ತು ಮೀಟರಿಂದ ಓದು. ಓದಿದ್ರೆ ಸಾಯೋವರೆಗೂ ಓಡಿಸು, ನಾನು ಬಾಯಿ ತೆಗೆಯಲ್ಲ."

"ಇಪ್ಪತ್ತು ಮೀಟರು ಕಾರಿನ ಪ್ಲೇಟಿಗೆ," ಅಂದ ಡೆಸ್. "ಬೈಕಿನ ಅಕ್ಷರ ಸಣ್ಣದು. ನ್ಯಾಯವಾಗಿ ಹದಿನೈದು."

"ಹನ್ನೆರಡು ಮಾಡ್ಕೋ. ನೆವಿಲ್, ನೀನು ಬಾ ಸಾಕ್ಷಿಗೆ."

ನೆವಿಲ್ ಬರುವ ಮನಸ್ಸಿಲ್ಲದೆ ಬಂದ. ಅಂಗಳದಲ್ಲಿ ಡೆಸ್ ಪಕ್ಕ ನಿಂತ. ಗ್ಲೆಂಡಾ ತನ್ನ ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದಳು. ಕಂಬಳಿ ಸರಿಸಿದಳು. ಅವನ ಪ್ಲೇಟು ಅಲ್ಲಿ ಮಲಗಿತ್ತು. ಅದನ್ನು ಎತ್ತಿಕೊಳ್ಳಬೇಕು ಅಂತಲೇ ಹೋಗಿದ್ದಳು, ಸತ್ಯವಾಗಿ. ಆದರೆ ಆ ನಂಬರು ಅವನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಅದನ್ನು ಹಿಡಿದರೆ ಅವನು ಗೆಲ್ಲುತ್ತಾನೆ, ಗೆದ್ದು ಮುಂದಿನ ಭಾನುವಾರ ಆ ಕಿರುದಾರಿಗೇ ಹೋಗುತ್ತಾನೆ. ಡಿಕ್ಕಿ ಮುಚ್ಚಿದಳು. ಕೈಯಲ್ಲಿದ್ದ ಟ್ರೆವರ್‌ನ ಪ್ಲೇಟನ್ನೇ ಹಿಡಿದು ಡೆಸ್‌ನ ಹತ್ತಿರದಿಂದ ಹನ್ನೆರಡು ಹೆಜ್ಜೆ ಎಣಿಸಿ ತಿರುಗಿ ನಿಂತಳು. ಎದೆಯ ಮುಂದೆ ಎತ್ತಿ ಹಿಡಿದಳು.

"ಓದು," ಅಂದಳು.

ಡೆಸ್ ಗದ್ದ ಎತ್ತಿದ. ಕಣ್ಣು ಕಿರಿದು ಮಾಡಲೂ ಇಲ್ಲ, ಮುಂದಕ್ಕೆ ಬಾಗಲೂ ಇಲ್ಲ. ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ, ಪಿ ಇಂದ ಕೊನೆಯವರೆಗೂ ತನ್ನ ನಂಬರನ್ನು ಹೇಳಿದ. ಹೇಳಿ ಮುಗಿಸಿ ನೆವಿಲ್ ಕಡೆ ತಿರುಗಿ ನಕ್ಕ.

"ಆಯ್ತಲ್ಲ? ಹೇಳೋ, ಸರಿ ತಾನೆ?"

ನೆವಿಲ್ ಪ್ಲೇಟನ್ನೇ ನೋಡುತ್ತಿದ್ದ. ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಗ್ಲೆಂಡಾ ಪ್ಲೇಟು ಹಿಡಿದೇ ನಿಂತಿದ್ದಳು, ಕೈ ನೋಯುತ್ತಿತ್ತು. ಆರು ತಿಂಗಳಿಂದ ಕಾದ ಗಳಿಗೆ ಬಂದಿತ್ತು. ಆದರೆ ಅವನು ಹಾಗೆ ನಗುತ್ತಾ ನಿಂತಿರುವುದನ್ನು ನೋಡಲಾಗಲಿಲ್ಲ ಅವಳಿಗೆ.

"ನೆವಿಲ್?" ಅಂದ ಡೆಸ್ ಇನ್ನೊಮ್ಮೆ. ನಗು ಮುಖದ ಮೇಲೆ ಇತ್ತು, ಆದರೆ ದನಿ ಇಳಿದಿತ್ತು.

"ಅದು ಟ್ರೆವರ್‌ದು ಡೆಸ್," ಅಂದ ನೆವಿಲ್ ಮೆಲ್ಲಗೆ.

ಡೆಸ್ ಹೆಂಡತಿಯ ಕಡೆ ನೋಡಿದ, ಅಥವಾ ಅವಳು ನಿಂತಿರಬಹುದಾದ ಕಡೆ. ಮೋಸ ಮಾಡಿದೆ ಅಂತ ಕೂಗಾಡುತ್ತಾನೆ ಅಂದುಕೊಂಡಳು. ಕೂಗಾಡಲಿ, ಅದಕ್ಕೂ ಸಿದ್ಧಳಾಗಿದ್ದಳು. ಅವನು ಕೂಗಾಡಲಿಲ್ಲ. ಕೈಗವಸು ಒಂದೊಂದೇ ಬೆರಳು ಎಳೆದು ಬಿಚ್ಚಿದ. ಜೇಬಿನಿಂದ ಗಾಡಿಯ ಕೀ ತೆಗೆದು ನೆವಿಲ್‌ನ ಕೈ ಹುಡುಕಿ ಅದರಲ್ಲಿಟ್ಟ.

"ಪರೀಕ್ಷೆ ಮಾಡಿಬಿಡು," ಅಂದ. "ಅದರದ್ದೇನೂ ತಪ್ಪಿಲ್ಲ."

ಗ್ಲೆಂಡಾ ಡಿಕ್ಕಿಯಿಂದ ಸರಿಯಾದ ಪ್ಲೇಟು ತಂದುಕೊಟ್ಟಳು. ನೆವಿಲ್ ಗಾಡಿ ತಳ್ಳಿಕೊಂಡು ಒಳಗೆ ಹೋದ. ಗಿರಾಕಿಗಳಿಗೆ ಅಂತ ಹೊರಗೆ ಹಾಕಿದ್ದ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಗ್ಲೆಂಡಾ ಯಂತ್ರದ ಟೀ ತಂದು ಕೊಟ್ಟಳು. ಅವನು ಲೋಟಕ್ಕೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ಅವಳೇ ಲೋಟವನ್ನು ಅವನ ಬೆರಳುಗಳ ಒಳಗೆ ಇಟ್ಟಳು. ಒಳಗಡೆ ಗಾಡಿ ಸ್ಟಾರ್ಟ್ ಆಯಿತು, ಹಾರನ್ ಒಮ್ಮೆ ಕೂಗಿತು.

"ಕಣ್ಣಿನ ಡಾಕ್ಟರಿಗೆ ಫೋನ್ ಮಾಡ್ತೀನಿ," ಅಂದಳು ಗ್ಲೆಂಡಾ. "ಪೊರೆ ಆಗಿದ್ರೆ ತೆಗೀತಾರೆ. ಪಾದ್ರಿಗೆ ತೆಗೀಲಿಲ್ವಾ? ಈಗ ಸೂಜಿಗೆ ದಾರ ಪೋಣಿಸ್ತಾನಂತೆ."

ಡೆಸ್ ಟೀ ಕುಡಿಯಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ.

"ಅವತ್ತು ಬಿಸಿಲು ಹೊಡೀಲಿಲ್ಲ ಗ್ಲೆಂಡಾ."

"ಗೊತ್ತು."

"ನಿಂಗೊತ್ತಿಲ್ಲ. ಕುದುರೆ ಕಂಡು ತಪ್ಪಿಸೋಕಾಗ್ಲಿಲ್ಲ ಅಂದ್ಕೊಂಡಿದೀಯ ನೀನು. ನಂಗೆ ಕುದುರೆ ಕಾಣ್ಲೇ ಇಲ್ಲ. ಮಗೂನೂ ಕಾಣ್ಲಿಲ್ಲ. ಅವತ್ತು ಎಷ್ಟು ಚೆನ್ನಾಗಿ ಓಡ್ಸಿದೆ ಅಂದ್ಕೊಂಡು ಮನೆಗೆ ಬಂದೆ. ಅವರಮ್ಮ ಬಾಗಿಲು ತಟ್ಟಿ ಹೇಳಿದಾಗ್ಲೇ ದಾರೀಲಿ ಒಂದು ಮಗು ಇತ್ತು ಅಂತ ಗೊತ್ತಾಗಿದ್ದು ನಂಗೆ."

ಗ್ಲೆಂಡಾ ಅವನ ಮುಖ ನೋಡಿದಳು. ಆರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮಳೆ ಇಲ್ಲದ ಭಾನುವಾರ ಬಂದಾಗೆಲ್ಲ ಹೆಲ್ಮೆಟ್ ಹಾಕಿಕೊಂಡು ಹೋಗಿದ್ದ ಈ ಮನುಷ್ಯ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಅವನ ತೊಡೆಯ ಮೇಲೆ ಚೆಲ್ಲಿದ್ದ ಟೀಯನ್ನು ತನ್ನ ಕರವಸ್ತ್ರದಿಂದ ಒರೆಸಿದಳು.

ಬಾಗಿಲು ತೆರೆದುಕೊಂಡಿತು. ನೆವಿಲ್ ಕಾಗದ ಹಿಡಿದು ಹೊರಗೆ ಬಂದ.

"ಪಾಸು," ಅಂದ. "ಒಂದು ಟಿಪ್ಪಣಿಯೂ ಇಲ್ಲ."

ಅವನು ಕಾಗದ ಚಾಚಿಕೊಂಡು ನಿಂತ. ಬೆಂಚಿನ ಮೇಲಿದ್ದ ಇಬ್ಬರಲ್ಲಿ ಯಾರೂ ಅದನ್ನು ತೆಗೆದುಕೊಳ್ಳಲು ಕೈ ಎತ್ತಲಿಲ್ಲ.